ತಡವಾಗಿ ತೆರೆದ ಬಾಗಿಲು: ಆಟಗಾರ ಕೆನ್ನಿ ವಾಷಿಂಗ್ಟನ್ ಅವರ ಜೀವನ

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕು, ಶಾಲೆಯ ನೆನಪುಗಳನ್ನೇ ಬರೆಯಬೇಕೆಂದಿಲ್ಲ, ಮಕ್ಕಳಿಗೆ ಉಪಯೋಗವಾಗುವಂಥದ್ದು ಏನಾದರೂ ಇರಲಿ ಎಂದು ಸಂಪಾದಕ ಸಮಿತಿಯವರು ಫೋನ್ ಮಾಡಿ ಹೇಳಿದರು. ಮಹನೀಯರ ಜೀವನ ಚರಿತ್ರೆ ಎಂದಕೂಡಲೇ ನಮಗೆಲ್ಲ ನೆನಪಾಗುವ ಹೆಸರುಗಳಿವೆ. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ನಮ್ಮ ಗುರುಗಳು ಇದೇ ಸಂಚಿಕೆಯಲ್ಲಿ ಇದ್ದಾರೆ. ಆದ್ದರಿಂದ ನಾನು ನಮ್ಮ ಕಡೆ ಹೆಚ್ಚು ಜನ ಕೇಳಿರದ, ಆದರೆ ತಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ಒಬ್ಬ ಆಟಗಾರರ ಬಗ್ಗೆ ಬರೆಯುತ್ತಿದ್ದೇನೆ. ಅವರು ಅಮೆರಿಕದ ಲಾಸ್ ಏಂಜಲಿಸ್ ನಗರದ ಕೆನ್ನಿ ವಾಷಿಂಗ್ಟನ್.

ಅವರ ಹೆಸರು ನನಗೆ ಸಿಕ್ಕಿದ್ದು ಕೆಲಸದ ನಡುವೆ. ಡೇಟಾ ಅನಾಲಿಸಿಸ್ ಕಲಿಯುತ್ತಿದ್ದಾಗ ಅಭ್ಯಾಸಕ್ಕೆಂದು ಅಮೆರಿಕನ್ ಫುಟ್‌ಬಾಲ್ ಆಟಗಾರರ ಹಳೆಯ ಅಂಕಿ-ಅಂಶಗಳ ಕೋಷ್ಟಕವೊಂದನ್ನು ಇಟ್ಟುಕೊಂಡಿದ್ದೆ. ಸಾವಿರಾರು ಸಾಲುಗಳ ನಡುವೆ ಒಂದು ಸಾಲು ವಿಚಿತ್ರವಾಗಿ ಕಂಡಿತು. ಹುಟ್ಟಿದ್ದು 1918. ಮೊದಲ ಸೀಸನ್ 1946. ಕೊನೆಯ ಸೀಸನ್ 1948. ಸಾಮಾನ್ಯವಾಗಿ ಕಾಲೇಜು ಮುಗಿಸಿದ ಆಟಗಾರರು 22ನೇ ವಯಸ್ಸಿನ ಹೊತ್ತಿಗೆ ವೃತ್ತಿಪರ ತಂಡ ಸೇರುತ್ತಾರೆ. ಇವರು 28ಕ್ಕೆ ಬಂದು 30ಕ್ಕೆ ಹೊರಟುಹೋಗಿದ್ದಾರೆ. ಹಾಗಾದರೆ ಸಾಧಾರಣ ಆಟಗಾರ ಇರಬೇಕು ಎಂದುಕೊಂಡರೆ, 1947ರಲ್ಲಿ ಒಂದೊಂದು ಓಟಕ್ಕೆ ಇವರ ಸರಾಸರಿ 7.4 ಗಜ. ಆ ವರ್ಷ ಇಡೀ ಲೀಗಿನಲ್ಲಿ ಅದೇ ಅತಿ ಹೆಚ್ಚು. ಇಷ್ಟು ಚೆನ್ನಾಗಿ ಆಡುವವರು 22ರಿಂದ 27ರವರೆಗೆ ಎಲ್ಲಿದ್ದರು? ಯಾರೋ ಟೈಪ್ ಮಾಡುವಾಗ ವರ್ಷ ತಪ್ಪಾಗಿ ಹಾಕಿದ್ದಾರೆ ಎಂದು ಭಾವಿಸಿ ಪರಿಶೀಲಿಸಲು ಹೊರಟೆ. ಕೋಷ್ಟಕ ಸರಿಯಾಗಿಯೇ ಇತ್ತು. ಆ ಖಾಲಿ ವರ್ಷಗಳ ಕಥೆಯೇ ಈ ಲೇಖನ.

ಆಟದ ಬಗ್ಗೆ ನಾಲ್ಕು ಮಾತು

ಅಮೆರಿಕನ್ ಫುಟ್‌ಬಾಲ್ ಎಂದರೆ ನಾವು ಶಾಲೆಯ ಮೈದಾನದಲ್ಲಿ ಆಡುತ್ತಿದ್ದ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಂತೆ ಎರಡೂ ತುದಿಗೆ ಚೂಪು. ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುತ್ತಾರೆ, ಇಲ್ಲವೇ ಎಸೆಯುತ್ತಾರೆ. ಎರಡೂ ಕಡೆ 11 ಜನ. 100 ಗಜದ ಮೈದಾನ. ಚೆಂಡು ಇರುವ ತಂಡಕ್ಕೆ ನಾಲ್ಕು ಅವಕಾಶ; ಅಷ್ಟರಲ್ಲಿ ಕನಿಷ್ಠ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಓಡುವವನನ್ನು ಎದುರಾಳಿಗಳು ಹಿಡಿದು ನೆಲಕ್ಕೆ ಕೆಡವುತ್ತಾರೆ. ಕಬಡ್ಡಿಯಲ್ಲಿ ರೈಡರ್ ಒಬ್ಬನ ಮೇಲೆ ಏಳು ಜನ ಬೀಳುವುದನ್ನು ನೋಡಿದವರಿಗೆ ಈ ಆಟದ ಒರಟುತನ ಸುಲಭವಾಗಿ ಅರ್ಥವಾಗುತ್ತದೆ.

ಇಂದು ಈ ಆಟದಲ್ಲಿ ದಾಳಿಗೆ ಬೇರೆ ಆಟಗಾರರು, ರಕ್ಷಣೆಗೆ ಬೇರೆ, ಒದೆಯಲು ಇನ್ನೊಬ್ಬರು. ಕೆನ್ನಿ ಕಾಲೇಜಿನಲ್ಲಿದ್ದ ಕಾಲದಲ್ಲಿ ಹಾಗಿರಲಿಲ್ಲ. ಹೊರಗೆ ಹೋದ ಆಟಗಾರ ಅದೇ ಕಾಲುಭಾಗದಲ್ಲಿ ಮತ್ತೆ ಒಳಗೆ ಬರುವಂತಿರಲಿಲ್ಲ. ಹೀಗಾಗಿ ಅದೇ 11 ಜನ ದಾಳಿಯನ್ನೂ ಮಾಡಬೇಕು, ರಕ್ಷಣೆಯನ್ನೂ ಮಾಡಬೇಕು. ಅದರಲ್ಲೂ ಟೇಲ್‌ಬ್ಯಾಕ್ ಎಂಬ ಸ್ಥಾನದಲ್ಲಿ ನಿಂತವರಿಗೆ ಚೆಂಡು ನೇರವಾಗಿ ಕೈಗೆ ಬರುತ್ತಿತ್ತು. ಓಡುವುದೋ, ಎಸೆಯುವುದೋ, ಒದೆಯುವುದೋ ಎಲ್ಲವೂ ಅವರದೇ ಹೊಣೆ. ಕೆನ್ನಿ ನಿಲ್ಲುತ್ತಿದ್ದದ್ದು ಆ ಸ್ಥಾನದಲ್ಲಿ. ಕ್ರಿಕೆಟ್ಟಿನಲ್ಲಿ ಆರಂಭಿಕ ಬ್ಯಾಟಿಂಗೂ ಮಾಡಿ, ಹೊಸ ಚೆಂಡಿನ ಬೌಲಿಂಗೂ ಮಾಡಿ, ಸ್ಲಿಪ್ಪಿನಲ್ಲಿ ಕ್ಯಾಚೂ ಹಿಡಿಯುವವರಿದ್ದರೆ ಹೇಗೋ ಹಾಗೆ.

ಅಜ್ಜಿಯ ಆಸರೆ

ಕೆನ್ನಿ ಹುಟ್ಟಿದ್ದು 1918ರ ಆಗಸ್ಟ್ 31ರಂದು, ಲಾಸ್ ಏಂಜಲಿಸ್‌ನಲ್ಲಿ. ಅವರದು ಆಫ್ರಿಕನ್ ಅಮೆರಿಕನ್ ಕುಟುಂಬ. ತಂದೆ ಎಡ್ಗರ್ ವಾಷಿಂಗ್ಟನ್ ಅವರನ್ನು ಎಲ್ಲರೂ ಬ್ಲೂ ಎಂದು ಕರೆಯುತ್ತಿದ್ದರು. ಅವರು ಕಪ್ಪು ವರ್ಣೀಯರಿಗಾಗಿ ಪ್ರತ್ಯೇಕವಾಗಿದ್ದ ಲೀಗುಗಳಲ್ಲಿ ಬೇಸ್‌ಬಾಲ್ ಆಡಿದವರು. ಆಮೇಲೆ ಹಾಲಿವುಡ್ ಸಿನಿಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದವರು. ಮನೆಯಲ್ಲಿ ನಿಂತದ್ದು ಕಡಿಮೆ. ಹುಡುಗನನ್ನು ಬೆಳೆಸಿದ್ದು ಅಜ್ಜಿ ಸೂಸಿ ಮತ್ತು ಚಿಕ್ಕಪ್ಪ ರಾಕಿ. ಅಜ್ಜಿ ಶಾಲೆಯೊಂದರಲ್ಲಿ ಸ್ವಚ್ಛತೆಯ ಕೆಲಸ ಮಾಡುತ್ತಿದ್ದರು. ಚಿಕ್ಕಪ್ಪ ಲಾಸ್ ಏಂಜಲಿಸ್ ಪೊಲೀಸ್ ಇಲಾಖೆ ಸೇರಿ, ಕಪ್ಪು ವರ್ಣೀಯರಿಗೆ ಬಡ್ತಿ ಸಿಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಲೆಫ್ಟಿನೆಂಟ್ ಹುದ್ದೆಯವರೆಗೆ ಏರಿದರು. ಶಿಸ್ತು ಚಿಕ್ಕಪ್ಪನಿಂದ, ಮಮತೆ ಅಜ್ಜಿಯಿಂದ ಬಂದಿತು.

ಅವರಿದ್ದ ಲಿಂಕನ್ ಹೈಟ್ಸ್ ಬಡಾವಣೆಯಲ್ಲಿ ಇಟಲಿಯಿಂದ ವಲಸೆ ಬಂದ ಬಡ ಕುಟುಂಬಗಳೇ ಹೆಚ್ಚು. ಕಪ್ಪು ವರ್ಣೀಯರ ಮನೆಗಳು ಕೆಲವೇ ಇದ್ದವು. ಅಲ್ಲಿಯ ಮಕ್ಕಳೊಂದಿಗೆ ಬೀದಿಯಲ್ಲಿ ಆಡುತ್ತಾ ಬೆಳೆದ ಕೆನ್ನಿಗೆ ಬಣ್ಣದ ಭೇದದ ಬಿಸಿ ಚಿಕ್ಕಂದಿನಲ್ಲಿ ಅಷ್ಟಾಗಿ ತಟ್ಟಲಿಲ್ಲ. ಓದಿದ್ದು ಸರ್ಕಾರಿ ಶಾಲೆಯಾದ ಲಿಂಕನ್ ಹೈಸ್ಕೂಲಿನಲ್ಲಿ. ಅಲ್ಲಿ ಫುಟ್‌ಬಾಲ್, ಬೇಸ್‌ಬಾಲ್ ಎರಡರಲ್ಲೂ ಮಿಂಚಿದರು. ಹೈಸ್ಕೂಲು ಮುಗಿಯುವ ಹೊತ್ತಿಗೆ ಅವರ ಹೆಸರು ನಗರದ ಪತ್ರಿಕೆಗಳಲ್ಲಿ ಬರತೊಡಗಿತ್ತು.

ಕಾಲೇಜಿನ ವರ್ಷಗಳು

1936ರಲ್ಲಿ ಅವರು ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯು.ಸಿ.ಎಲ್.ಎ. ಸೇರಿದರು. ಅದೂ ಸರ್ಕಾರಿ ವಿಶ್ವವಿದ್ಯಾಲಯವೇ. ಆಗ ಅಮೆರಿಕದ ಬಹುಪಾಲು ದೊಡ್ಡ ಕಾಲೇಜುಗಳ ತಂಡಗಳಲ್ಲಿ ಕಪ್ಪು ವರ್ಣೀಯರು ಒಬ್ಬರೂ ಇರುತ್ತಿರಲಿಲ್ಲ. ಯು.ಸಿ.ಎಲ್.ಎ. ತಂಡದಲ್ಲಿ 1939ರ ಹೊತ್ತಿಗೆ ನಾಲ್ವರಿದ್ದರು: ಕೆನ್ನಿ ವಾಷಿಂಗ್ಟನ್, ವುಡಿ ಸ್ಟ್ರೋಡ್, ರೇ ಬಾರ್ಟ್‌ಲೆಟ್ ಮತ್ತು ಜಾಕಿ ರಾಬಿನ್ಸನ್. ಈ ರಾಬಿನ್ಸನ್ ಅವರೇ ಮುಂದೆ 1947ರಲ್ಲಿ ಬೇಸ್‌ಬಾಲಿನ ಮೇಜರ್ ಲೀಗಿನಲ್ಲಿ ವರ್ಣಭೇದದ ಗೋಡೆ ಒಡೆದು ಜಗತ್ತಿಗೆಲ್ಲ ಪರಿಚಿತರಾದವರು. ಸ್ಟ್ರೋಡ್ ಮುಂದೆ ಹಾಲಿವುಡ್ ನಟರಾಗಿ, 1960ರ ಸ್ಪಾರ್ಟಕಸ್ ಚಿತ್ರದ ಕಪ್ಪು ಗ್ಲಾಡಿಯೇಟರ್ ಪಾತ್ರದಿಂದ ಹೆಸರಾದರು. ಆದರೆ ಕಾಲೇಜಿನಲ್ಲಿದ್ದಾಗ ಈ ಮೂವರಲ್ಲಿ ಅತಿ ಹೆಚ್ಚು ಹೆಸರಿದ್ದದ್ದು ಕೆನ್ನಿಗೆ. 1937ರಲ್ಲಿ ಕಾಲೇಜಿನ ಬೇಸ್‌ಬಾಲ್ ತಂಡದಲ್ಲಿ ಅವರ ಬ್ಯಾಟಿಂಗ್ ಸರಾಸರಿ .454. ಬೇಸ್‌ಬಾಲಿನಲ್ಲಿ .300 ಇದ್ದರೇ ಒಳ್ಳೆಯ ಬ್ಯಾಟ್ಸ್‌ಮನ್ ಎನ್ನುತ್ತಾರೆ.

ಕೆನ್ನಿ ಎಷ್ಟು ದೂರ ಚೆಂಡು ಎಸೆಯಬಲ್ಲರು ಎಂಬುದಕ್ಕೆ 1937ರ ಪಂದ್ಯವೊಂದನ್ನು ಹಳಬರು ನೆನೆಯುತ್ತಿದ್ದರು. ಎದುರಾಳಿ ಅದೇ ನಗರದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಯು.ಎಸ್.ಸಿ. ಪಂದ್ಯದ ಕೊನೆಯ ಭಾಗದಲ್ಲಿ ಯು.ಸಿ.ಎಲ್.ಎ. 19-0 ಹಿಂದಿತ್ತು. ಜನ ಎದ್ದು ಹೊರಡುವ ಹೊತ್ತಿನಲ್ಲಿ ಕೆನ್ನಿ ಒಂದು ನಿಮಿಷದೊಳಗೆ ಎರಡು ಉದ್ದದ ಎಸೆತಗಳಿಂದ ಎರಡು ಟಚ್‌ಡೌನ್ ತಂದರು. ಎರಡನೆಯದು ಗಾಳಿಯಲ್ಲೇ 60 ಗಜಕ್ಕೂ ಹೆಚ್ಚು ಹಾರಿತ್ತು. ಪಂದ್ಯ 19-13ರಿಂದ ಕೈಬಿಟ್ಟುಹೋಯಿತು. ಮುಗಿದ ಮೇಲೆ ಗೆದ್ದ ತಂಡದ ಕೋಣೆಯ ಬಾಗಿಲು ಮುಚ್ಚಿತ್ತಂತೆ. ಸೋತ ತಂಡದ ಕೋಚ್ ಬಾಗಿಲು ತಟ್ಟಿ, ಕೆನ್ನಿ ಎಸೆಯುವುದನ್ನು ನಿಲ್ಲಿಸಿದ್ದಾನೆ, ಇನ್ನು ಹೊರಗೆ ಬರಬಹುದು ಎಂದು ತಮಾಷೆ ಮಾಡಿದರೆಂದು ಕಥೆಯೊಂದು ಇಂದಿಗೂ ಉಳಿದಿದೆ.

1939 ಅವರ ಕಾಲೇಜಿನ ಕೊನೆಯ ಸೀಸನ್. ಆ ವರ್ಷ ಆಡಬಹುದಾಗಿದ್ದ 600 ನಿಮಿಷಗಳಲ್ಲಿ 580 ನಿಮಿಷ ಅವರು ಮೈದಾನದಲ್ಲೇ ಇದ್ದರು. ಓಟ ಮತ್ತು ಎಸೆತ ಎರಡೂ ಸೇರಿ 1,370 ಗಜ. ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅದೇ ಮೊದಲ ಸ್ಥಾನ. ಮೂರು ವರ್ಷಗಳಲ್ಲಿ ಅವರು ಓಡಿ ಗಳಿಸಿದ ಗಜಗಳ ಕಾಲೇಜು ದಾಖಲೆ 34 ವರ್ಷ ನಿಂತಿತು. ಯು.ಸಿ.ಎಲ್.ಎ. ಆ ಸೀಸನ್ನಿನಲ್ಲಿ ಒಂದು ಪಂದ್ಯವನ್ನೂ ಸೋಲಲಿಲ್ಲ. 6 ಗೆಲುವು, 4 ಸಮ.

ಕೊನೆಯ ಪಂದ್ಯ ಮತ್ತೆ ಯು.ಎಸ್.ಸಿ. ವಿರುದ್ಧ, ಡಿಸೆಂಬರ್ 9ರಂದು, ಲಾಸ್ ಏಂಜಲಿಸ್‌ನ ಕೊಲಿಸಿಯಂ ಕ್ರೀಡಾಂಗಣದಲ್ಲಿ. ನೋಡಲು ಬಂದವರು 1,03,303 ಜನ. ಗೆದ್ದವರಿಗೆ ರೋಸ್ ಬೌಲ್ ಎಂಬ ಪ್ರತಿಷ್ಠಿತ ಪಂದ್ಯದಲ್ಲಿ ಆಡುವ ಅವಕಾಶವಿತ್ತು. ಕೊನೆಯ ನಿಮಿಷಗಳಲ್ಲಿ ಯು.ಸಿ.ಎಲ್.ಎ. ಎದುರಾಳಿಯ ಗೆರೆಗೆ ಕೆಲವೇ ಗಜ ದೂರದವರೆಗೆ ಹೋಯಿತು. ಚೆಂಡನ್ನು ಕಂಬಗಳ ನಡುವೆ ಒದ್ದರೆ 3 ಅಂಕ ಸಿಗುತ್ತಿತ್ತು. ತಂಡ ಟಚ್‌ಡೌನಿಗೇ ಕೈ ಹಾಕಿತು. ಕೊನೆಯ ಎಸೆತವನ್ನು ಎದುರಾಳಿ ಆಟಗಾರ ಕೈಯಿಂದ ತಟ್ಟಿ ಬೀಳಿಸಿದರು. ಪಂದ್ಯ 0-0. ರೋಸ್ ಬೌಲ್ ಯು.ಎಸ್.ಸಿ. ಪಾಲಾಯಿತು. ಮುಗಿಯಲು ಕೆಲವೇ ಸೆಕೆಂಡು ಇದ್ದಾಗ ಕೋಚ್ ಕೆನ್ನಿಯನ್ನು ಹೊರಗೆ ಕರೆದರು. ಅವರು ತಲೆ ತಗ್ಗಿಸಿ ನಡೆದು ಬರುವಾಗ ಎರಡೂ ಕಡೆಯ ಅಭಿಮಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ದಿನ ಅವರಿಗೆ 21 ವರ್ಷ.

ಮುಚ್ಚಿದ ಬಾಗಿಲು

ಇಂಥ ಆಟಗಾರನನ್ನು ಪಡೆಯಲು ವೃತ್ತಿಪರ ತಂಡಗಳು ಮುಗಿಬೀಳಬೇಕಿತ್ತು. ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ, ಅಂದರೆ ಎನ್.ಎಫ್.ಎಲ್.ನಲ್ಲಿ, ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿಯಿದೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. 1939ರ ಡಿಸೆಂಬರಿನಲ್ಲಿ ನಡೆದ ಡ್ರಾಫ್ಟಿನಲ್ಲಿ 10 ತಂಡಗಳು 200 ಆಟಗಾರರನ್ನು ಆರಿಸಿಕೊಂಡವು. ಆ 200ರಲ್ಲಿ ಕೆನ್ನಿ ವಾಷಿಂಗ್ಟನ್ ಹೆಸರಿರಲಿಲ್ಲ. ದೇಶದ ಶ್ರೇಷ್ಠ ಕಾಲೇಜು ಆಟಗಾರರು ಸೇರುವ ಪೂರ್ವ-ಪಶ್ಚಿಮ ಪ್ರದರ್ಶನ ಪಂದ್ಯಕ್ಕೂ ಅವರಿಗೆ ಕರೆ ಬರಲಿಲ್ಲ.

ಕಾರಣ ಅವರ ಮೈಬಣ್ಣ. ಲೀಗಿನ ಆರಂಭದ ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಕಪ್ಪು ಆಟಗಾರರು ಇದ್ದರು. 1933ರಲ್ಲಿ ಜೋ ಲಿಲ್ಲಾರ್ಡ್ ಮತ್ತು ರೇ ಕೆಂಪ್ ಆಡಿದ್ದೇ ಕೊನೆ. ಆಮೇಲೆ ಹನ್ನೆರಡು ಸೀಸನ್ ಒಬ್ಬರೂ ಇಲ್ಲ. ಹಾಗೆಂದು ಯಾವ ನಿಯಮ ಪುಸ್ತಕದಲ್ಲೂ ಬರೆದಿರಲಿಲ್ಲ. ಕೇಳಿದರೆ ಅಂಥ ಒಪ್ಪಂದವೇ ಇಲ್ಲ ಎಂದು ಮಾಲೀಕರು ಹೇಳುತ್ತಿದ್ದರು. ಬರೆದಿಟ್ಟ ನಿಯಮವಾದರೆ ಅದನ್ನು ಪ್ರಶ್ನಿಸಬಹುದು, ನ್ಯಾಯಾಲಯಕ್ಕೆ ಒಯ್ಯಬಹುದು. ಬರೆಯದ ನಿಯಮವನ್ನು ಎಲ್ಲಿ ಹಿಡಿಯುವುದು?

ಸ್ಯಾಮ್ ಬಾಲ್ಟರ್ ಎಂಬ ರೇಡಿಯೋ ನಿರೂಪಕರು ಹಿಡಿಯಲು ಪ್ರಯತ್ನಿಸಿದರು. ಅವರು 1936ರ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಚಿನ್ನ ಗೆದ್ದ ತಂಡದ ಸದಸ್ಯರು, ಬಿಳಿಯರು. ಇಡೀ ದೇಶ ಕೇಳುವ ಕಾರ್ಯಕ್ರಮದಲ್ಲಿ ಲೀಗಿನ ಮಾಲೀಕರನ್ನು ಉದ್ದೇಶಿಸಿ, ಈ ಆಟಗಾರನನ್ನು ಏಕೆ ಆರಿಸಲಿಲ್ಲ ಎಂದು ಬಹಿರಂಗವಾಗಿ ಕೇಳಿದರು. ಉತ್ತರ ಕೊಡುವುದಾದರೆ ತಮ್ಮ ಕಾರ್ಯಕ್ರಮದಲ್ಲೇ ಸಮಯ ಕೊಡುವುದಾಗಿಯೂ ಹೇಳಿದರು. ಯಾರೂ ಉತ್ತರಿಸಲಿಲ್ಲ.

1940ರ ಆಗಸ್ಟಿನಲ್ಲಿ ಷಿಕಾಗೋದಲ್ಲಿ ಕಾಲೇಜು ತಾರೆಗಳ ತಂಡ ಮತ್ತು ಎನ್.ಎಫ್.ಎಲ್. ಚಾಂಪಿಯನ್ ಗ್ರೀನ್ ಬೇ ಪ್ಯಾಕರ್ಸ್ ನಡುವೆ ಪಂದ್ಯ ನಡೆಯಿತು. ಕೆನ್ನಿ ಅದರಲ್ಲಿ ಆಡಿದರು. ಷಿಕಾಗೋ ಬೇರ್ಸ್ ತಂಡದ ಮಾಲೀಕ ಜಾರ್ಜ್ ಹಲಾಸ್ ಅವರಿಗೆ ಆಟ ಮೆಚ್ಚುಗೆಯಾಯಿತು. ಕೆಲವು ದಿನ ಊರಿನಲ್ಲೇ ಇರಿ, ಲೀಗಿನವರನ್ನು ಕೇಳಿ ನೋಡುತ್ತೇನೆ ಎಂದರು. ಕೆನ್ನಿ ಕಾದರು. ಕೊನೆಗೆ ಆಗುವುದಿಲ್ಲವೆಂದು ಹೇಳಿ ಕಳುಹಿಸಿದರು. ಅಷ್ಟು ಹತ್ತಿರ ಹೋಗಿ ಬರಿಗೈಲಿ ರೈಲು ಹತ್ತಿ ಊರಿಗೆ ಮರಳುವುದು ಎಂಥ ನೋವು ಎಂಬುದನ್ನು ಇಂಟರ್‌ವ್ಯೂ ಮುಗಿಸಿ ಕರೆಗಾಗಿ ಕಾದ ನಮ್ಮಂಥವರು ಸ್ವಲ್ಪ ಊಹಿಸಬಲ್ಲೆವು. ಆದರೆ ನಮಗೆ ಇನ್ನೊಂದು ಕಂಪನಿ ಇರುತ್ತದೆ. ಅವರಿಗೆ ಇದ್ದದ್ದು ಒಂದೇ ಲೀಗು.

ಖಾಲಿ ವರ್ಷಗಳು

ನನ್ನ ಕೋಷ್ಟಕದಲ್ಲಿ 1940ರಿಂದ 1945ರವರೆಗೆ ಏನೂ ಇರಲಿಲ್ಲ. ಕೆನ್ನಿ ಮಾತ್ರ ಸುಮ್ಮನೆ ಕುಳಿತಿರಲಿಲ್ಲ. ಚಿಕ್ಕಪ್ಪನಂತೆಯೇ ಲಾಸ್ ಏಂಜಲಿಸ್ ಪೊಲೀಸ್ ಇಲಾಖೆ ಸೇರಿದರು. ಒಂದೆರಡು ಸಿನಿಮಾಗಳಲ್ಲಿ ನಟಿಸಿದರು. ಭಾನುವಾರಗಳಂದು ಪಶ್ಚಿಮ ಕರಾವಳಿಯ ಸಣ್ಣ ವೃತ್ತಿಪರ ಲೀಗಿನಲ್ಲಿ ಹಾಲಿವುಡ್ ಬೇರ್ಸ್ ಪರ ಆಡಿದರು. ಒಂದು ಸೀಸನ್ ಸ್ಯಾನ್ ಫ್ರಾನ್ಸಿಸ್ಕೋ ಕ್ಲಿಪ್ಪರ್ಸ್ ಪರ ಆಡಿದರು. ಗೆಳೆಯ ಸ್ಟ್ರೋಡ್ ಹಾಲಿವುಡ್ ತಂಡದಲ್ಲಿ ಜೊತೆಗಿದ್ದರು. ಆ ಲೀಗಿನಲ್ಲಿ ಬಣ್ಣದ ಅಡ್ಡಿಯಿರಲಿಲ್ಲ. ಜನ ಕೆನ್ನಿಯನ್ನು ನೋಡಲೆಂದೇ ಟಿಕೆಟ್ ಕೊಳ್ಳುತ್ತಿದ್ದರು.

ಆದರೆ ಈ ವರ್ಷಗಳಲ್ಲೇ ಮಂಡಿಗೆ ಪೆಟ್ಟು ಬಿತ್ತು. ಒಮ್ಮೆ ಶಸ್ತ್ರಚಿಕಿತ್ಸೆ, ಮತ್ತೊಮ್ಮೆ ಶಸ್ತ್ರಚಿಕಿತ್ಸೆ. ಈ ಆಟದಲ್ಲಿ ಓಡುವವರ ಒಳ್ಳೆಯ ವಯಸ್ಸು 22ರಿಂದ 27. ಆ ವಯಸ್ಸನ್ನೆಲ್ಲ ಅವರು ದೊಡ್ಡ ಲೀಗಿನ ಹೊರಗೆ, ದಾಖಲೆಯ ಹೊರಗೆ ಕಳೆದರು. ಆ ಪಂದ್ಯಗಳ ಅಂಕಿಗಳನ್ನು ದೊಡ್ಡ ಲೀಗು ಎಣಿಸುವುದಿಲ್ಲ.

ಸಾರ್ವಜನಿಕ ಮೈದಾನ

ಬಾಗಿಲು ತೆರೆದದ್ದು ಮಾಲೀಕರ ಮನಸ್ಸು ಕರಗಿ ಅಲ್ಲ. 1945ರ ಚಾಂಪಿಯನ್ ತಂಡವಾದ ಕ್ಲೀವ್‌ಲ್ಯಾಂಡ್ ರ‍್ಯಾಮ್ಸ್‌ನ ಮಾಲೀಕ ಡ್ಯಾನ್ ರೀವ್ಸ್, ಕ್ಲೀವ್‌ಲ್ಯಾಂಡಿನಲ್ಲಿ ನಷ್ಟವಾಗುತ್ತಿದೆ ಎಂದು ತಂಡವನ್ನು ಲಾಸ್ ಏಂಜಲಿಸ್‌ಗೆ ತರಲು ನಿರ್ಧರಿಸಿದರು. ಆಡಲು ಅವರಿಗೆ ಬೇಕಾಗಿದ್ದದ್ದು ಕೊಲಿಸಿಯಂ. ಅದು 1932ರ ಒಲಿಂಪಿಕ್ಸ್ ನಡೆದ ಕ್ರೀಡಾಂಗಣ, ಸಾರ್ವಜನಿಕ ಆಸ್ತಿ. ಬಳಸಲು ಅದರ ಆಯೋಗದ ಒಪ್ಪಿಗೆ ಬೇಕು.

1946ರ ಜನವರಿಯಲ್ಲಿ ಆಯೋಗದ ಸಭೆ ನಡೆಯಿತು. ಕಪ್ಪು ವರ್ಣೀಯರ ಪತ್ರಿಕೆಯಾದ ಲಾಸ್ ಏಂಜಲಿಸ್ ಟ್ರಿಬ್ಯೂನ್‌ನ ಕ್ರೀಡಾ ಬರಹಗಾರ ಹ್ಯಾಲಿ ಹಾರ್ಡಿಂಗ್ ಎದ್ದು ನಿಂತು ಮಾತಾಡಿದರು. ಅವರ ವಾದ ಸರಳವಾಗಿತ್ತು. ಈ ಕ್ರೀಡಾಂಗಣ ಕಪ್ಪು ಜನರ ತೆರಿಗೆ ಹಣದಿಂದಲೂ ಕಟ್ಟಿದ್ದು. ಕಪ್ಪು ಆಟಗಾರರನ್ನು ಹೊರಗಿಡುವ ತಂಡಕ್ಕೆ ಇದನ್ನು ಹೇಗೆ ಕೊಡುತ್ತೀರಿ? ಇದೇ ಊರಿನಲ್ಲಿ ಹುಟ್ಟಿ ಇದೇ ಮೈದಾನದಲ್ಲಿ ಲಕ್ಷ ಜನರ ಮುಂದೆ ಆಡಿದ ಕೆನ್ನಿ ವಾಷಿಂಗ್ಟನ್ ಏಕೆ ಲೀಗಿನಲ್ಲಿಲ್ಲ? ರ‍್ಯಾಮ್ಸ್ ಪ್ರತಿನಿಧಿಗಳಿಗೆ ನಿಯಮದಲ್ಲಿ ಅಡ್ಡಿಯಿಲ್ಲವೆಂದು ಒಪ್ಪಿಕೊಳ್ಳುವುದು ಅನಿವಾರ್ಯವಾಯಿತು. ಕೆನ್ನಿಗೆ ಅವಕಾಶ ಕೊಡುವುದಾಗಿ ಹೇಳಿದರು. ಪತ್ರಕರ್ತರು ಅಲ್ಲಿಗೇ ಬಿಡದೆ ಬೆನ್ನು ಹತ್ತಿದರು. 1946ರ ಮಾರ್ಚ್ 21ರಂದು ಕೆನ್ನಿ ಒಪ್ಪಂದಕ್ಕೆ ಸಹಿ ಹಾಕಿದರು. ಜಾಕಿ ರಾಬಿನ್ಸನ್ ಮೇಜರ್ ಲೀಗಿನಲ್ಲಿ ಮೊದಲ ಪಂದ್ಯ ಆಡುವುದಕ್ಕೆ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಸಮಯವಿತ್ತು.

ತಂಡದ ಜೊತೆ ಊರೂರು ಸುತ್ತುವಾಗ ಕೋಣೆ ಹಂಚಿಕೊಳ್ಳಲು ಒಬ್ಬ ಜೊತೆಗಾರ ಬೇಕಿತ್ತು. ಕೆನ್ನಿ ಸ್ಟ್ರೋಡ್ ಹೆಸರು ಹೇಳಿದರು. ತಂಡದವರು ಹಿಂದೆಮುಂದೆ ನೋಡಿದರು. ಕೆನ್ನಿ ಪಟ್ಟು ಬಿಡಲಿಲ್ಲ. ಮೇ ತಿಂಗಳಲ್ಲಿ ಸ್ಟ್ರೋಡ್ ಅವರೂ ಸೇರಿದರು. ಅದೇ ವರ್ಷ ಹೊಸದಾಗಿ ಆರಂಭವಾದ ಇನ್ನೊಂದು ಲೀಗಿನಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡ ಮೇರಿಯನ್ ಮೋಟ್ಲಿ ಮತ್ತು ಬಿಲ್ ವಿಲ್ಲಿಸ್ ಎಂಬ ಇಬ್ಬರು ಕಪ್ಪು ಆಟಗಾರರನ್ನು ಸೇರಿಸಿಕೊಂಡಿತು. ಹೀಗೆ 1946ರಲ್ಲಿ ನಾಲ್ವರು ಆ ಗೋಡೆ ದಾಟಿದರು.

ಮೂರು ಸೀಸನ್

1946ರ ಸೆಪ್ಟೆಂಬರ್ 29ರಂದು ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ಕೊಲಿಸಿಯಂನಲ್ಲಿ ಕೆನ್ನಿ ಎನ್.ಎಫ್.ಎಲ್.ನ ಮೊದಲ ಪಂದ್ಯ ಆಡಿದರು. ಆಗ ಅವರ ವಯಸ್ಸು 28. ಮಂಡಿಗಳು ಮೊದಲಿನಂತಿರಲಿಲ್ಲ. ಆಟವೂ ಬದಲಾಗಿತ್ತು. ಹೊಸ ಪದ್ಧತಿಯಲ್ಲಿ ಎಸೆಯುವ ಹೊಣೆ ಕ್ವಾರ್ಟರ್‌ಬ್ಯಾಕ್‌ನದು. ರ‍್ಯಾಮ್ಸ್‌ನಲ್ಲಿ ಆ ಸ್ಥಾನದಲ್ಲಿ ಯು.ಸಿ.ಎಲ್.ಎ.ಯಲ್ಲೇ ಓದಿದ ಬಾಬ್ ವಾಟರ್‌ಫೀಲ್ಡ್ ಎಂಬ ದೊಡ್ಡ ಆಟಗಾರರಿದ್ದರು. ಓಡುವುದು, ಎಸೆಯುವುದು, ಒದೆಯುವುದು ಎಲ್ಲವನ್ನೂ ಮಾಡುತ್ತಿದ್ದ ಕೆನ್ನಿಗೆ ಈಗ ಮುಖ್ಯವಾಗಿ ಓಡುವ ಕೆಲಸ. ಅಂದರೆ ಅವರ ಕಲೆಯ ಒಂದು ಭಾಗಕ್ಕಷ್ಟೇ ಜಾಗ ಸಿಕ್ಕಿತು. ಮೊದಲ ವರ್ಷ 23 ಸಲ ಓಡಿ 114 ಗಜ ಗಳಿಸಿದರು.

ಎದುರಾಳಿಗಳು ಆಟದ ನೆಪದಲ್ಲಿ ಹೊಡೆಯುತ್ತಿದ್ದರು. ನೆಲಕ್ಕೆ ಬಿದ್ದಮೇಲೂ ಗುದ್ದುವುದು, ಗೆರೆಗೆ ಹಾಕಿದ ಸುಣ್ಣವನ್ನು ಕಣ್ಣಿಗೆ ಉಜ್ಜುವುದು ನಡೆಯುತ್ತಿತ್ತೆಂದು ಜೊತೆಗಾರರು ಮುಂದೆ ಹೇಳಿದ್ದಾರೆ. ಷಿಕಾಗೋದಲ್ಲಿ ತಂಡ ಇಳಿದುಕೊಂಡ ಹೋಟೆಲಿನಲ್ಲಿ ಕೆನ್ನಿಗೂ ಸ್ಟ್ರೋಡ್‌ಗೂ ಕೋಣೆ ಕೊಡಲಿಲ್ಲ. ತಂಡದವರು ಹಣ ಕೊಟ್ಟು ಬೇರೆ ಕಡೆ ಇರಲು ಕಳುಹಿಸಿದರು. ರಾತ್ರಿ ವಾಟರ್‌ಫೀಲ್ಡ್ ಇವರನ್ನು ಹುಡುಕಿಕೊಂಡು ಬಂದರೆಂದು ಸ್ಟ್ರೋಡ್ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ತಂಡದ ದೊಡ್ಡ ತಾರೆ ತಾನಾಗಿ ಎದ್ದು ಬಂದದ್ದು ಸಣ್ಣ ವಿಷಯವೇನಲ್ಲ. ಆ ಸೀಸನ್ ನಂತರ ಸ್ಟ್ರೋಡ್ ಅವರನ್ನು ತಂಡ ಕೈಬಿಟ್ಟಿತು. ಕೆನ್ನಿ ಒಬ್ಬರೇ ಉಳಿದರು.

1947ರಲ್ಲಿ ಅವರ ಹಳೆಯ ಆಟದ ಒಂದು ಮಿಂಚು ಲೀಗಿಗೆ ಕಂಡಿತು. 60 ಓಟ, 444 ಗಜ, 5 ಟಚ್‌ಡೌನ್. ನಾನು ತಪ್ಪೆಂದು ತಿಳಿದ 7.4ರ ಸರಾಸರಿ ಅದೇ. ಆ ವರ್ಷದ ಚಾಂಪಿಯನ್ ಷಿಕಾಗೋ ಕಾರ್ಡಿನಲ್ಸ್ ವಿರುದ್ಧ ಒಂದೇ ಓಟದಲ್ಲಿ 92 ಗಜ ದಾಟಿ ಟಚ್‌ಡೌನ್ ಮಾಡಿದರು. ರ‍್ಯಾಮ್ಸ್ ತಂಡದ ಅತಿ ಉದ್ದದ ಓಟದ ಆ ದಾಖಲೆಯನ್ನು ಎಪ್ಪತ್ತು ವರ್ಷ ಕಳೆದರೂ ಯಾರೂ ಮುರಿದಿರಲಿಲ್ಲ. ಕೆಟ್ಟ ಮಂಡಿಗಳ 29 ವರ್ಷದ ಆಟಗಾರ ಇದನ್ನು ಮಾಡಿದರೆ, 22ರಲ್ಲಿ ಏನು ಮಾಡುತ್ತಿದ್ದರು ಎಂದು ಯಾರಿಗಾದರೂ ಅನ್ನಿಸದೆ ಇರದು.

1948ರಲ್ಲಿ 57 ಓಟ, 301 ಗಜ. ಅಷ್ಟಕ್ಕೆ ಸಾಕಾಯಿತು. ಆ ಡಿಸೆಂಬರಿನಲ್ಲಿ ಕೊಲಿಸಿಯಂನಲ್ಲಿ ಅವರನ್ನು ಸನ್ಮಾನಿಸಿ ಬೀಳ್ಕೊಟ್ಟರು. ಮೂರು ಸೀಸನ್ ಸೇರಿ 140 ಓಟ, 859 ಗಜ, 8 ಟಚ್‌ಡೌನ್. ಒಂದು ಓಟಕ್ಕೆ ಸರಾಸರಿ 6.1 ಗಜ.

ರಾಬಿನ್ಸನ್ ಅವರಿಗೂ ಮೇಜರ್ ಲೀಗಿನ ಬಾಗಿಲು ತೆರೆದದ್ದು 28ನೇ ವಯಸ್ಸಿನಲ್ಲೇ. ಆದರೆ ಬೇಸ್‌ಬಾಲಿನಲ್ಲಿ 37ರವರೆಗೂ ಆಡಬಹುದು. ಅವರು 10 ಸೀಸನ್ ಆಡಿದರು. ಮೈಗೆ ಮೈ ತಾಗುವ ಫುಟ್‌ಬಾಲಿನಲ್ಲಿ ಓಡುವವರಿಗೆ ಅಷ್ಟು ಆಯುಷ್ಯವಿಲ್ಲ. ಒಂದೇ ಕಾಲೇಜಿನ, ಒಂದೇ ತಂಡದ ಇಬ್ಬರಲ್ಲಿ ಒಬ್ಬರ ಹೆಸರು ಪಠ್ಯಪುಸ್ತಕಕ್ಕೆ ಹೋಗಿ, ಇನ್ನೊಬ್ಬರದು ಹಿಂದೆ ಉಳಿಯಲು ಇದೂ ಒಂದು ಕಾರಣ.

ಕೊನೆಯ ದಿನಗಳು

1950ರಲ್ಲಿ ಕೆನ್ನಿ ನ್ಯೂಯಾರ್ಕ್ ಜೈಂಟ್ಸ್ ಬೇಸ್‌ಬಾಲ್ ತಂಡದಲ್ಲಿ ಸ್ಥಾನಕ್ಕಾಗಿ ಪ್ರಯತ್ನಿಸಿದರು. 31 ವರ್ಷ ದಾಟಿತ್ತು, ಸಿಗಲಿಲ್ಲ. ಆಮೇಲೆ ವ್ಯಾಪಾರ ಮತ್ತು ಸಾರ್ವಜನಿಕ ಸಂಪರ್ಕದ ಕೆಲಸಗಳಲ್ಲಿ ತೊಡಗಿದರು. 1956ರಲ್ಲಿ ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಯು.ಸಿ.ಎಲ್.ಎ. ಅವರ 13ನೇ ಸಂಖ್ಯೆಯ ಅಂಗಿಯನ್ನು ಬೇರೆ ಯಾರಿಗೂ ಕೊಡದೆ ಗೌರವಿಸಿತು.

1971ರ ಜೂನ್ 24ರಂದು, ದೀರ್ಘ ಕಾಯಿಲೆಯ ನಂತರ, ಅವರು ಹುಟ್ಟಿದ ಊರಿನಲ್ಲೇ ತೀರಿಕೊಂಡರು. ಬರೀ 52 ವರ್ಷ. ತಾನು ನೋಡಿದ ಫುಟ್‌ಬಾಲ್ ಆಟಗಾರರಲ್ಲಿ ಕೆನ್ನಿಯೇ ಶ್ರೇಷ್ಠ, ಆದರೆ ದೇಶದ ಮಟ್ಟದಲ್ಲಿ ತನ್ನ ಯೋಗ್ಯತೆಗೆ ತಕ್ಕ ಸ್ಥಾನ ಸಿಗಲಿಲ್ಲವೆಂಬ ಆಳವಾದ ನೋವು ಅವರಲ್ಲಿತ್ತು ಎಂಬ ಅರ್ಥದಲ್ಲಿ ಜಾಕಿ ರಾಬಿನ್ಸನ್ ಅದೇ ವರ್ಷ ಬರೆದರು. ಮರುವರ್ಷ ರಾಬಿನ್ಸನ್ ಕೂಡ ತೀರಿಕೊಂಡರು.

ಒಂದು ವಿಷಯ ಹೇಳಲೇಬೇಕು. ಎನ್.ಎಫ್.ಎಲ್.ನಲ್ಲಿ ಕಪ್ಪು ಆಟಗಾರರನ್ನು ಕೊನೆಯವರೆಗೂ ದೂರವಿಟ್ಟದ್ದು ರಾಜಧಾನಿ ವಾಷಿಂಗ್ಟನ್ ನಗರದ ತಂಡ. ಅದೂ 1962ರಲ್ಲಿ ಮಣಿಯಿತು. ಅವರ ಹೊಸ ಕ್ರೀಡಾಂಗಣ ಕೇಂದ್ರ ಸರ್ಕಾರದ ಜಾಗದಲ್ಲಿತ್ತು. ಭೇದ ಮಾಡುವ ತಂಡಕ್ಕೆ ಆ ಜಾಗ ಸಿಗುವುದಿಲ್ಲ ಎಂದು ಸರ್ಕಾರ ಎಚ್ಚರಿಸಿತ್ತು. 1946ರಲ್ಲಿ ಹ್ಯಾಲಿ ಹಾರ್ಡಿಂಗ್ ಹೂಡಿದ ವಾದವೇ ಹದಿನಾರು ವರ್ಷಗಳ ನಂತರ ಕೊನೆಯ ಬಾಗಿಲನ್ನೂ ತೆರೆಸಿತು. ಎಲ್ಲರ ಹಣದಲ್ಲಿ ಕಟ್ಟಿದ್ದು ಎಲ್ಲರಿಗೂ ತೆರೆದಿರಬೇಕು ಎಂಬ ಮಾತಿಗೆ ಅಷ್ಟು ಬಲವಿದೆ.

ನಮ್ಮ ಶಾಲೆಯೂ ಎಲ್ಲರ ಹಣದಲ್ಲಿ ಕಟ್ಟಿದ್ದು. ಐವತ್ತು ವರ್ಷಗಳಿಂದ ಅದರ ಗೇಟು ಯಾರ ಮಗ, ಯಾರ ಮಗಳು ಎಂದು ಕೇಳದೆ ತೆರೆದಿದೆ. ನಾನು ಒಳಗೆ ಬಂದದ್ದೂ ಆ ಗೇಟಿನಿಂದಲೇ. ಆದರೂ ಕೆನ್ನಿ ಅವರ ಕಥೆ ಓದುವಾಗ ನನಗೆ ನಮ್ಮ ತರಗತಿಯ ಒಬ್ಬ ಹುಡುಗಿಯ ನೆನಪು ಬಂತು. ಗಣಿತದಲ್ಲಿ ಆಕೆ ನನಗಿಂತ ಮುಂದಿದ್ದಳು. ಬೀಜಗಣಿತದ ಲೆಕ್ಕ ಬಿಡಿಸಲಾಗದೆ ನಾನು ಎಷ್ಟೋ ಸಲ ಅವಳ ನೋಟ್ಸ್ ನೋಡಿ ಬರೆದುಕೊಂಡಿದ್ದೇನೆ. ಎಸ್.ಎಸ್.ಎಲ್.ಸಿ. ಆದಮೇಲೆ ಆಕೆ ಮುಂದೆ ಓದಲಿಲ್ಲ. ಓದಬಾರದು ಎಂದು ಯಾರೂ ಆದೇಶ ಹೊರಡಿಸಿರಲಿಲ್ಲ. ಪಿ.ಯು. ಕಾಲೇಜು ದೂರ, ಬಸ್ಸಿಲ್ಲ, ಮನೆಯಲ್ಲಿ ಕೆಲಸ, ಅಷ್ಟೇ. ಅದೂ ಒಂದು ಬರೆಯದ ನಿಯಮವೇ. ನಾನು ಪಿ.ಯು.ಗೆ ಹೋದೆ, ಎಂಜಿನಿಯರಾದೆ. ಆಗ ನಾನು ಅದರ ಬಗ್ಗೆ ಏನೂ ಕೇಳಲಿಲ್ಲ. ಈಗ ಕೇಳಬೇಕಿತ್ತು ಅನ್ನಿಸುತ್ತದೆ.

ಕೆನ್ನಿ ಅವರಿಗೆ ಕನಿಷ್ಠ ಮೂರು ಸೀಸನ್ನಿನ ಅಂಕಿಗಳಿವೆ. ಅದರಿಂದಾದರೂ ಏನು ಕಳೆದುಹೋಯಿತೆಂದು ಊಹಿಸಬಹುದು. ಆರಂಭವೇ ಸಿಗದವರ ಹೆಸರು ಯಾವ ಕೋಷ್ಟಕದಲ್ಲೂ ಇರುವುದಿಲ್ಲ.

ಹಾಗಾಗಿ ಹಳೆಯ ವಿದ್ಯಾರ್ಥಿಗಳ ಸಂಘದ ಗೆಳೆಯರಲ್ಲಿ ನನ್ನದೊಂದು ಮನವಿ. ಕಮಾನು, ಬಣ್ಣ, ವೇದಿಕೆ ಎಲ್ಲ ಇರಲಿ. ಅದರ ಜೊತೆಗೆ ಪ್ರತಿ ವರ್ಷ ಹತ್ತನೇ ತರಗತಿ ಮುಗಿಸಿದ ಮಕ್ಕಳ ಪಟ್ಟಿಯನ್ನು ಜೂನ್ ತಿಂಗಳಲ್ಲಿ ಒಮ್ಮೆ ತೆಗೆದು, ಯಾರು ಎಲ್ಲಿ ಸೇರಿದ್ದಾರೆ, ಯಾರು ಸೇರಿಲ್ಲ ಎಂದು ಗುರುಗಳ ಸಹಾಯದಿಂದ ನೋಡೋಣ. ಸೇರದವರ ಮನೆಗೆ ಇಬ್ಬರು ಹೋಗಿ ಕಾರಣ ಕೇಳೋಣ. ಬಸ್ ಪಾಸೋ, ಶುಲ್ಕವೋ, ತಂದೆತಾಯಿಗೆ ಒಂದು ಮಾತೋ, ಬೇಕಾದದ್ದು ಏನೆಂದು ಕೇಳಿದ ಮೇಲೆಯೇ ತಿಳಿಯುತ್ತದೆ. ಪಟ್ಟಿ ಮಾಡುವ ಕೆಲಸವನ್ನು ನಾನು ಒಪ್ಪಿಕೊಳ್ಳುತ್ತೇನೆ. ಅದು ನನಗೆ ಗೊತ್ತಿರುವ ಕೆಲಸ.